ಎರಡು ವರ್ಷ, ಒಂದು ಡಬ್ಬಿ ಪೇಸ್ಟ್ ವ್ಯಾಕ್ಸ್: ಹೊಳಪಿಗಿಂತ ಒರೆಸುವಾಗ ಸಿಕ್ಕ ಸುಖ

ಗಾಢ ನೀಲಿ ಬಣ್ಣದ ಕಾರು. ನಿಲ್ಲುವುದು ಬಯಲಲ್ಲಿ, ತೊಳೆಯುವುದು ವಾರಕ್ಕೊಮ್ಮೆ, ಎಲ್ಲವೂ ಕೈಕೆಲಸ. ಪಾಲಿಶ್ ಯಂತ್ರ ಇಲ್ಲ. ಇದರ ಮೇಲೆ ಕಾರ್ನೌಬಾ ಪೇಸ್ಟ್ ವ್ಯಾಕ್ಸ್, ಅಂದರೆ ಬಣ್ಣದ ಹೊಳಪಿಗೂ ರಕ್ಷಣೆಗೂ ಹಚ್ಚುವ ಗಟ್ಟಿ ಮೇಣ, ಎರಡು ವರ್ಷದಿಂದ ಬಳಕೆಯಲ್ಲಿದೆ. ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಉಳಿದಿದೆ. ಯಾಕೆ ಉಳಿಯಿತು ಎಂಬುದು ಮುಂದೆ ತಿಳಿಯುತ್ತದೆ. ಮೊದಲು ಸಿಟ್ಟು ಬರಿಸಿದ ವಿಷಯ.

ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಉಳಿಯುವ ಬಿಳಿ ಕಲೆ. ಬಂಪರಿನ ಅಂಚು, ಕನ್ನಡಿಯ ಬುಡ, ವೈಪರ್ ಕೆಳಗಿನ ಜಾಲರಿ, ಬಾಗಿಲ ತಳದ ಪಟ್ಟಿ, ಇವೆಲ್ಲ ತರಿತರಿಯಾದ ಮೈಯವು. ಸ್ಪಂಜು ಒಂದಿಷ್ಟು ಜಾರಿದರೂ ಸಾಕು, ಮೇಣ ಆ ಸಣ್ಣ ಸಣ್ಣ ಗುಳಿಗಳಲ್ಲಿ ಕೂತು ಒಣಗಿ ಸುಣ್ಣ ಬಳಿದಂತೆ ಕಾಣುತ್ತದೆ. ಮಳೆಗೆ ಹೋಗುವುದಿಲ್ಲ, ಕಾರ್ ಶಾಂಪೂವಿಗೂ ಬಗ್ಗುವುದಿಲ್ಲ. ಒಣ ಬಟ್ಟೆಯಲ್ಲಿ ಉಜ್ಜಿದಷ್ಟೂ ಒಳಕ್ಕೆ ಇಳಿಯುತ್ತದೆ. ಬಾನೆಟ್ ಮತ್ತು ಬಾಗಿಲಿನ ಸಂದುಗಳಲ್ಲಿ ಸೇರಿದ ಪುಡಿಯೂ ಹಾಗೆಯೇ, ವಾರಗಟ್ಟಲೆ ಬಿಳಿ ಗೆರೆಯಾಗಿ ಇಣುಕುತ್ತಿರುತ್ತದೆ.

ತೆಗೆಯುವ ದಾರಿ ಇದೆ. ಆಲ್ ಪರ್ಪಸ್ ಕ್ಲೀನರನ್ನು 1 ಪಾಲಿಗೆ 10 ಪಾಲು ನೀರು ಬೆರೆಸಿ, ಮೆತ್ತನೆಯ ಟೂತ್‌ಬ್ರಷ್ಷಿನಲ್ಲಿ ಸಣ್ಣಗೆ ಸುತ್ತು ಹೊಡೆಸಿ, ಅದು ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಎತ್ತಬೇಕು. ಪಕ್ಕದ ಬಣ್ಣಕ್ಕೆ ಈ ನೀರು ತಾಗಿದರೆ ಅಲ್ಲಿನ ವ್ಯಾಕ್ಸೂ ಹೋಗುತ್ತದೆ, ಆ ಜಾಗಕ್ಕೆ ಮತ್ತೆ ಹಚ್ಚಬೇಕಾಗುತ್ತದೆ. ಅದಕ್ಕಿಂತ ಮೊದಲೇ ಪ್ಲಾಸ್ಟಿಕ್ಕಿಗೆ ಮಾಸ್ಕಿಂಗ್ ಟೇಪ್ ಅಂಟಿಸುವುದು ಲೇಸು. ಹತ್ತು ನಿಮಿಷದ ಕೆಲಸ, ಆಮೇಲಿನ ಒಂದು ಗಂಟೆ ಉಳಿಯುತ್ತದೆ.

ಆದರೆ ಈ ದೂರಿನಲ್ಲಿ ಮುಕ್ಕಾಲು ಪಾಲು ತಪ್ಪು ಮೇಣದ್ದಲ್ಲ, ಅಳತೆಯದು. ಡಬ್ಬಿ ತೆರೆದ ಕೂಡಲೇ ಸ್ಪಂಜನ್ನು ಒತ್ತಿ ತಿರುಗಿಸಿ ಬೆಣ್ಣೆಯಂತೆ ಬಳಿಯುವ ಮನಸ್ಸಾಗುತ್ತದೆ. ದಪ್ಪ ಹಚ್ಚಿದರೆ ಹೆಚ್ಚು ರಕ್ಷಣೆ ಎಂದುಕೊಳ್ಳುವುದೇ ಎಡವಟ್ಟು. ಬಣ್ಣಕ್ಕೆ ಹಿಡಿಯುವುದು ತೀರಾ ತೆಳುವಾದ ಒಂದು ಪದರ ಮಾತ್ರ, ಉಳಿದದ್ದೆಲ್ಲ ಬಟ್ಟೆಗೆ, ಸಂದಿಗೆ, ಪ್ಲಾಸ್ಟಿಕ್ಕಿಗೆ. ಫೋಮ್ ಸ್ಪಂಜನ್ನು ನೀರಲ್ಲಿ ಅದ್ದಿ ಪೂರ್ತಿ ಹಿಂಡಿ, ಮೇಣದ ಮೇಲೆ ಹಗುರವಾಗಿ ಒಂದು ಸಲ ತಿರುಗಿಸಿ ತೆಗೆದರೆ ಅರ್ಧ ಬಾನೆಟ್ಟಿಗೆ ಸಾಕು. ಹಚ್ಚಿದ್ದು ಓರೆ ಬೆಳಕಲ್ಲಿ ಮಾತ್ರ ಮಬ್ಬಾಗಿ ಕಾಣಬೇಕು. ನೇರ ನಿಂತು ನೋಡಿದಾಗಲೂ ಬೆಳ್ಳಗೆ ಕಂಡರೆ ಅದು ಅತಿಯಾಯಿತು.

ದುಂಡಗೆ ಹಚ್ಚಬೇಕೋ ನೇರವಾಗಿ ಹಚ್ಚಬೇಕೋ ಎಂಬ ವಾದಕ್ಕೆ ಕೊನೆಯಿಲ್ಲ. ಕಾರಿನ ಮೈ ಚೊಕ್ಕಟವಾಗಿದ್ದರೆ ಎರಡೂ ಒಂದೇ. ನೇರ ಗೆರೆಯಲ್ಲಿ ಹಚ್ಚಿದರೆ ಬಿಟ್ಟುಹೋದ ಜಾಗ ಬೇಗ ಗೊತ್ತಾಗುತ್ತದೆ, ಅಷ್ಟೇ ಅನುಕೂಲ. ಒರೆಸುವ ಹೊತ್ತು ತಿಳಿಯಲು ಗಡಿಯಾರ ನೋಡಬೇಕಿಲ್ಲ: ಬೆರಳನ್ನು ಒಮ್ಮೆ ಎಳೆದಾಗ ಅಡಿಯ ಬಣ್ಣ ಶುಭ್ರವಾಗಿ ಕಂಡರೆ ಆಯಿತು, ಎಣ್ಣೆಯಂತೆ ಸವರಿಕೊಂಡರೆ ಇನ್ನೂ ಕಾಯಬೇಕು. ಸಾಮಾನ್ಯವಾಗಿ 5ರಿಂದ 10 ನಿಮಿಷ. ತೇವದ ಹವೆಯಲ್ಲಿ ಇನ್ನೂ ಹೆಚ್ಚು. ಬಿಸಿಲಲ್ಲಿ ಕಾದ ಬಾನೆಟ್ಟಿಗೆ ಹಚ್ಚಿದರೆ ದ್ರಾವಕ ಕ್ಷಣದಲ್ಲಿ ಹಾರಿಹೋಗಿ ಮೇಣ ಬಿಗಿದುಕೊಳ್ಳುತ್ತದೆ, ಒರೆಸಿ ಒರೆಸಿ ತೋಳು ಸೋಲುತ್ತದೆ. ಅಂಗೈಯ ಹಿಂಬದಿ ಇಟ್ಟಾಗ ಲೋಹ ತಣ್ಣಗಿರಬೇಕು. ಒಂದು ಬಟ್ಟೆಯಲ್ಲಿ ಮಬ್ಬು ತೆಗೆದು, ಇನ್ನೊಂದು ಶುದ್ಧ ಬಟ್ಟೆಯಲ್ಲಿ ಹೊಳಪು ತರಬೇಕು. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ನೋಡಿದರೆ ಅಲ್ಲಲ್ಲಿ ಎಣ್ಣೆ ಬೆವರಿದಂಥ ಗುರುತು ಇರುತ್ತದೆ, ಅದನ್ನು ಹಗುರವಾಗಿ ಸವರಿದರೆ ಮುಗಿಯಿತು.

ಎರಡನೇ ಪದರ ಬೇಕೆಂದರೆ ಕೆಲವು ಗಂಟೆ ಬಿಟ್ಟು ಹಚ್ಚಬಹುದು. ಅದರಿಂದ ದಪ್ಪ ಹೆಚ್ಚುವುದಿಲ್ಲ, ಮೊದಲ ಸಲ ಬಿಟ್ಟುಹೋದ ಜಾಗ ಮುಚ್ಚುತ್ತದೆ. ಮೂರನೆಯದು ದಂಡ.

‘ನೂರಕ್ಕೆ ನೂರು ಕಾರ್ನೌಬಾ’ ಎಂದು ಮುಚ್ಚಳದ ಮೇಲೆ ಬರೆದದ್ದನ್ನು ನೋಡಿ ಹೆಚ್ಚು ಹಣ ಕೊಡುವವರಿಗೆ ಒಂದು ಮಾತು. ಕಾರ್ನೌಬಾ ಎಂಬುದು ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಗರಿಗಳಿಂದ ಸಿಗುವ ಮೇಣ. ಅದು ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಪ್ಪಟ ರೂಪದಲ್ಲಿ ಕಲ್ಲಿನಷ್ಟು ಗಟ್ಟಿ, ಹಚ್ಚಲು ಬರುವುದೇ ಇಲ್ಲ. ಆದ್ದರಿಂದ ಯಾವ ಡಬ್ಬಿಯಲ್ಲೂ ದ್ರಾವಕ, ಎಣ್ಣೆ, ಬೇರೆ ಮೇಣ ಬೆರೆತೇ ಇರುತ್ತವೆ. ನೂರಕ್ಕೆ ನೂರು ಎನ್ನುವುದು ಒಳಗಿನ ಮೇಣದ ಶುದ್ಧತೆಗೆ ಸಂಬಂಧಿಸಿದ ಮಾತು. ಡಬ್ಬಿಯಲ್ಲಿ ಅದು ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ.

ಇನ್ನು ತಯಾರಿ. ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಸವರಿದರೆ ಬರಿಗೈಗೆ ಗೊತ್ತಾಗದ ಮರಳುಮರಳು ತಿಳಿಯುತ್ತದೆ. ಅದು ಬಹುಪಾಲು ಬ್ರೇಕಿನಿಂದ ಹಾರಿ ಅಂಟಿದ ಕಬ್ಬಿಣದ ಪುಡಿ, ಟಾರು, ಮರದ ಅಂಟು. ಐರನ್ ರಿಮೂವರ್ ಸಿಂಪಡಿಸಿದರೆ ಕಬ್ಬಿಣದ ಕಣ ಇರುವಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಇರುತ್ತದೆ, ಗಾಳಿಯಾಡುವ ಕಡೆ ಕೈಗವಸು ಹಾಕಿಕೊಂಡು ಮಾಡಬೇಕು. ಕಾರಿನ ಬಣ್ಣದ ಮೇಲೆ ಅದನ್ನು ಒಣಗಲು ಬಿಡಬಾರದು. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕೊಳೆಯನ್ನು ಎತ್ತುವ ಮೆತ್ತನೆಯ ಜೇಡಿಯಂಥ ಉಂಡೆ. ಮೂರು ಬೆರಳಗಲದ ತುಂಡನ್ನು ಚಪ್ಪಟೆ ಮಾಡಿ, ಜಾರುವಷ್ಟು ಶಾಂಪೂ ನೀರು ಸುರಿದು, ಒತ್ತದೆ ಹಿಂದೆ ಮುಂದೆ ಎಳೆಯಬೇಕು. ಸದ್ದು ನಿಂತು ನುಣ್ಣಗೆ ಜಾರಿದಾಗ ಆ ಜಾಗ ಮುಗಿದಂತೆ. ಕ್ಲೇಯ ಮೈ ಕೊಳೆಯಾದೊಡನೆ ಮಡಚಿ ಹೊಸ ಮುಖ ತೆಗೆಯಬೇಕು. ನೆಲಕ್ಕೆ ಬಿದ್ದ ಕ್ಲೇಯನ್ನು ಯೋಚಿಸದೆ ಎಸೆದುಬಿಡಿ, ಅಂಟಿದ ಮರಳು ಬಿಡಿಸಲು ಬರುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಸಾಕು. ಗಾಢ ಬಣ್ಣದ ಮೇಲೆ ಕ್ಲೇಯೇ ಮಬ್ಬು ಗೀರು ಬಿಡುವುದುಂಟು.

ಆ ಗೀರನ್ನು ವ್ಯಾಕ್ಸ್ ತೆಗೆಯುವುದಿಲ್ಲ, ಒಂದಿಷ್ಟು ಮರೆಮಾಡುತ್ತದೆ. ತೆಗೆಯುವುದು ಪಾಲಿಶ್ ಅಥವಾ ಕಾಂಪೌಂಡ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟನ್ನು ಸವೆಸುವುದು. ಆ ಕೋಟು ಇರುವುದು ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ನಾವು ಬರೆಯುವ ಬಿಳಿ ಹಾಳೆಯ ಅರ್ಧ ದಪ್ಪ. ಪ್ರತಿ ಹಂಗಾಮಿಗೂ ಕಾಂಪೌಂಡ್ ಹೊಡೆಸುವವರು ಇದನ್ನು ಮನಸ್ಸಲ್ಲಿಟ್ಟುಕೊಳ್ಳಬೇಕು. ಸವೆದ ಕೋಟು ವಾಪಸು ಬರುವುದಿಲ್ಲ.

ಈಗ ಈ ಡಬ್ಬಿಯ ಮೇಲಿನ ಅಭಿಪ್ರಾಯ ಬದಲಾದ ಜಾಗಕ್ಕೆ ಬರೋಣ. ಕೊಂಡದ್ದು ಹೊಳಪಿಗಾಗಿ. ಹೊಳಪು ಬಂತು, ಗಾಢ ನೀಲಿಗೆ ಆಳ ಬಂತು, ಎರಡು ದಿನದ ಧೂಳು ಅದನ್ನು ಮುಚ್ಚಿಯೂ ಬಿಟ್ಟಿತು. ನಿಜವಾದ ಲಾಭ ಕಂಡದ್ದು ವಾರದ ತೊಳೆತದಲ್ಲಿ, ಅದೂ ಕೊನೆಯ ಐದು ನಿಮಿಷದಲ್ಲಿ.

ತೊಳೆತದ ಕ್ರಮ ಹೀಗೆ. ಚಕ್ರಗಳು ಮೊದಲು, ಅವಕ್ಕೆ ಬೇರೆ ಬಕೆಟ್, ಬೇರೆ ಬ್ರಷ್. ಆಮೇಲೆ ಬರಿ ನೀರಲ್ಲಿ ಧೂಳು, ಮಣ್ಣು ಇಳಿಸುವುದು. ಈ ಹಂತದಲ್ಲಿ ಆತುರಪಟ್ಟವರೇ ಗೀರು ಹಾಕುವವರು. ಒಂದು ಬಕೆಟ್‌ನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರಿ ನೀರು, ಎರಡರ ತಳಕ್ಕೂ ಮರಳು ತಡೆಯುವ ಜಾಲರಿ. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಮೇಲ್ಛಾವಣಿಯಿಂದ ಕೆಳಕ್ಕೆ ನೇರ ಎಳೆತ. ಒಂದು ಭಾಗ ಮುಗಿದೊಡನೆ ಬರಿ ನೀರಲ್ಲಿ ಅಲುಗಿಸಿ ಮರಳು ಬಿಡಿಸಿ, ಮತ್ತೆ ಶಾಂಪೂವಿಗೆ. ಬಾಗಿಲ ತಳ ಮತ್ತು ಹಿಂದಿನ ಬಂಪರ್ ಕಟ್ಟಕಡೆಗೆ. ಪಾತ್ರೆ ತೊಳೆಯುವ ಸೋಪು ಬೇಡ, ಅದು ಜಿಡ್ಡು ಕೀಳಲೆಂದೇ ಮಾಡಿದ್ದು, ವ್ಯಾಕ್ಸಿನ ಆಯಸ್ಸು ಕಡಿಮೆ ಮಾಡುತ್ತದೆ.

ಕೊನೆಯ ಜಾಲಾಡಿಕೆಗೆ ಪೈಪಿನ ತುದಿಯ ನಾಝಲ್ ಕಳಚಿಡಬೇಕು. ಒತ್ತಡವಿಲ್ಲದ ದಪ್ಪ ಧಾರೆಯನ್ನು ಮೇಲ್ಛಾವಣಿಯ ನಡುವೆ ಬಿಟ್ಟು ನಿಧಾನ ಅಂಚಿಗೆ ಸರಿಸುತ್ತ ಬಂದರೆ, ವ್ಯಾಕ್ಸ್ ಇರುವ ಮೈಮೇಲಿನ ನೀರು ಹಾಸಿದ ಬಟ್ಟೆಯನ್ನು ಯಾರೋ ಎಳೆದುಕೊಂಡಂತೆ ಒಟ್ಟಿಗೇ ಜಾರಿ ಇಳಿಯುತ್ತದೆ. ಉಳಿಯುವುದು ಅಲ್ಲೊಂದು ಇಲ್ಲೊಂದು ಹನಿ. ಅದರ ಮೇಲೆ ದಪ್ಪನೆಯ ಒಣಗಿಸುವ ಟವೆಲ್ ಹಾಸಿ, ಒತ್ತದೆ, ಎರಡು ಮೂಲೆ ಹಿಡಿದು ತನ್ನತ್ತ ಎಳೆದರೆ ಆಯಿತು. ವ್ಯಾಕ್ಸ್ ಹೋದ ಮೈಮೇಲೆ ನೀರು ಹಾಳೆಯಂತೆ ಅಂಟಿ ನಿಲ್ಲುತ್ತದೆ, ಅದೇ ಟವೆಲ್ಲನ್ನು ಮೂರು ನಾಲ್ಕು ಸಲ ಎಳೆಯಬೇಕು, ನಡುವೆ ಹಿಂಡಬೇಕು. ಬಿಸಿಲಿಗೆ ಹಿಡಿದಾಗ ಕಾಣುವ ಜೇಡರ ಬಲೆಯಂಥ ಗೀರುಗಳಲ್ಲಿ ಬಹುಪಾಲು ಹುಟ್ಟುವುದು ಹೀಗೆ ತೊಳೆಯುವಾಗ ಮತ್ತು ಒರೆಸುವಾಗ. ಬಟ್ಟೆ ಒಂದು ಸಲ ಕಡಿಮೆ ತಾಗಿದರೆ ಗೀರಿಗೆ ಒಂದು ಅವಕಾಶ ಕಡಿಮೆ. ನನ್ನ ಮಟ್ಟಿಗೆ ವ್ಯಾಕ್ಸ್ ಹಚ್ಚಲು ಇದೊಂದೇ ಕಾರಣ ಸಾಕು.

ಬಾಳಿಕೆ ವಿಷಯದಲ್ಲಿ ಡಬ್ಬಿಯ ಮೇಲಿನ ಮಾತನ್ನು ನಂಬಬೇಡಿ. ಬಾನೆಟ್ಟಿನ ಅರ್ಧಕ್ಕೆ ಈ ವ್ಯಾಕ್ಸ್, ಇನ್ನರ್ಧಕ್ಕೆ ದ್ರವರೂಪದ ಸಿಂಥೆಟಿಕ್ ಸೀಲಂಟ್ (ಮೇಣದ ಬದಲು ಬಳಸುವ ಕೃತಕ ರಕ್ಷಣಾ ಪದರ) ಹಚ್ಚಿ ನೋಡಿದಾಗ, ಬಿಸಿಲುಗಾಲದಲ್ಲಿ ವ್ಯಾಕ್ಸಿನ ಅರ್ಧ ಎಂಟು ವಾರಕ್ಕೇ ಸೋತಿತು. ಸೀಲಂಟ್ ನಾಲ್ಕು ತಿಂಗಳು ದಾಟಿತು. ಸೋತಿತು ಎಂದು ತೀರ್ಮಾನಿಸುವ ಮೊದಲು ಚೆನ್ನಾಗಿ ತೊಳೆಯಿರಿ. ಎಷ್ಟೋ ಸಲ ನೀರು ಹನಿಗಟ್ಟದೆ ಅಂಟಿ ನಿಲ್ಲಲು ಕಾರಣ ಮೇಲೆ ಕೂತ ಕೊಳೆ. ಎರಡು ತಿಂಗಳಿಗೊಮ್ಮೆ ಒಂದು ಬೆಳಗ್ಗೆ ಇದಕ್ಕೆ ಕೊಡಲಾಗದವರು ಸೀಲಂಟ್ ಕೊಳ್ಳುವುದೇ ಸರಿ. ಸೀಲಂಟ್ ಹಚ್ಚಿದ ಮೇಲೆ ಸುಮಾರು 12 ಗಂಟೆ ನೀರು ತಾಗಿಸಬಾರದು, ಅದೊಂದು ಕಟ್ಟುಪಾಡು. ಎರಡೂ ಬೇಕೆಂದರೆ ಸೀಲಂಟ್ ಕೆಳಗೆ, ವ್ಯಾಕ್ಸ್ ಮೇಲೆ. ತಿರುವುಮುರುವು ಮಾಡಿದರೆ ಸೀಲಂಟಿಗೆ ಬಣ್ಣ ಸಿಗದೆ ಹಿಡಿಯುವುದಿಲ್ಲ. ಸಿಲಿಕಾ ಇರುವ ಸ್ಪ್ರೇಗಳು ನಡುನಡುವೆ ಹೊಳಪು ಎಬ್ಬಿಸಲು ಒಳ್ಳೆಯವು, ಒಂದು ಭಾಗಕ್ಕೆ ಎರಡು ಸಲ ಒತ್ತಿದರೆ ಸಾಕು. ಹೆಚ್ಚಾದರೆ ಗಾಢ ಬಣ್ಣದ ಮೇಲೆ ಪಟ್ಟೆಪಟ್ಟೆ.

ಒಂದು ಎಚ್ಚರಿಕೆ ಗಡಸು ನೀರಿನವರಿಗೆ. ಹನಿಗಟ್ಟುವುದು ನೋಡಲು ಚಂದ, ಆದರೆ ಆ ಹನಿ ಬಿಸಿಲಲ್ಲಿ ಒಣಗಿದರೆ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಂಗುರವಾಗಿ ಉಳಿಯುತ್ತವೆ. ಹೊಸ ಕಲೆಯಾದರೆ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ ಬಟ್ಟೆಯಲ್ಲಿ ಒಂದು ನಿಮಿಷ ಇಟ್ಟು ತೊಳೆದರೆ ಹೋಗುತ್ತದೆ, ಆಮೇಲೆ ಅಲ್ಲಿಗೆ ಮತ್ತೆ ವ್ಯಾಕ್ಸ್. ಹೋಗದಿದ್ದರೆ ಕೋಟನ್ನೇ ಕೊರೆದಿರಬಹುದು, ಆಗ ಪಾಲಿಶ್ ಬೇಕು. ಹಕ್ಕಿ ಹಿಕ್ಕೆಗೂ ವ್ಯಾಕ್ಸ್ ಗೋಡೆಯಲ್ಲ, ಸ್ವಲ್ಪ ಸಮಯ ಕೊಡುತ್ತದೆ ಅಷ್ಟೇ. ಒದ್ದೆ ಬಟ್ಟೆ ಹಾಸಿ ಐದು ನಿಮಿಷ ನೆನೆಸಿ ಎತ್ತಬೇಕು. ಒಣಗಿದ್ದನ್ನು ಉಜ್ಜಿದರೆ ಅದರೊಳಗಿನ ಕಾಳು, ಮರಳು ಗೀರು ಎಳೆಯುತ್ತವೆ.

ಮುಂದಿನ ಗಾಜಿಗೆ ಹಚ್ಚಬೇಡಿ, ವೈಪರ್ ಕಿರುಗುಟ್ಟಿ ಮಬ್ಬು ಬಳಿಯುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೂ ಬೇಡ. ಹೊಸದಾಗಿ ಪೇಂಟ್ ಹೊಡೆಸಿದ ಭಾಗ ಒಳಗಿನಿಂದ ಒಣಗಬೇಕು, ಅದಕ್ಕೆ 60ರಿಂದ 90 ದಿನ ಬಿಡುವುದು ರೂಢಿ.

ಬಜೆಟ್ ಬಿಗಿಯಾಗಿದ್ದರೆ ಅಗ್ಗದ ವ್ಯಾಕ್ಸ್ ಕೊಂಡು ಉಳಿದದ್ದನ್ನು ಬಟ್ಟೆಗೆ ಹಾಕಿ. ಅಂಚಿನ ಗಟ್ಟಿ ಹೊಲಿಗೆ ಇಲ್ಲದ 350 ಜಿಎಸ್ಎಂ (ಚದರ ಮೀಟರಿಗೆ ಗ್ರಾಂ ತೂಕ) ಆಸುಪಾಸಿನ ಆರು ಮೈಕ್ರೋಫೈಬರ್ ಬಟ್ಟೆ, ಒಣಗಿಸಲು ದಪ್ಪ ಟವೆಲ್ ಒಂದು. ಲೇಬಲ್ ಇದ್ದರೆ ಕಿತ್ತುಹಾಕಿ, ಅದೇ ಗೀರುತ್ತದೆ. ವ್ಯಾಕ್ಸ್ ಬಟ್ಟೆಯನ್ನು ಹತ್ತಿ ಬಟ್ಟೆಯ ಜೊತೆ ತೊಳೆಯಬಾರದು, ನೂಲಿನ ಎಳೆ ಹಿಡಿದುಕೊಳ್ಳುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರಂತೂ ಎಳೆಗಳು ಮುಚ್ಚಿಹೋಗಿ ನೀರು ಹೀರುವುದನ್ನೇ ಬಿಡುತ್ತವೆ.

ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಎರಡನೇ ವರ್ಷಕ್ಕೆ ಈ ಮೇಣ ಅಂಚು ಬಿಟ್ಟು ಸ್ವಲ್ಪ ಕುಗ್ಗಿದೆ, ನಡುವೆ ಒಂದು ಬಿರುಕೂ ಬಿಟ್ಟಿದೆ, ದ್ರಾವಕ ಹಾರಿದ್ದರ ಗುರುತು. ಕೆಲಸಕ್ಕೇನೂ ತೊಂದರೆಯಿಲ್ಲ. ಸ್ಪಂಜನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಎಂದಿನಂತೆ ಹಗುರವಾಗಿ ಒಂದು ಸಲ ತಿರುಗಿಸಿದರೆ ಅರ್ಧ ಬಾನೆಟ್ಟಿಗೆ ಬೇಕಾದಷ್ಟು ಈಗಲೂ ಏಳುತ್ತದೆ.