‘ಏರ್ ಗ್ಯಾಪ್’ ಬ್ಯಾಕಪ್ ಅಂತ ಮಾರುವವರ ಹತ್ತಿರ ಹುಷಾರು

ಆಫೀಸಿನ ಲೆಕ್ಕಪತ್ರದ ಬ್ಯಾಕಪ್ ಯಂತ್ರಕ್ಕೆ ‘ಪೂರ್ತಿ ಏರ್ ಗ್ಯಾಪ್’ ಅಂತ ಕೊಟೇಶನ್‌ನಲ್ಲೇ ಬರೆದು ಕೊಟ್ಟಿದ್ದರು. ಅಂದರೆ ಇಂಟರ್ನೆಟ್ ಇಲ್ಲ, ಆಫೀಸಿನ ನೆಟ್‌ವರ್ಕೂ ಇಲ್ಲ, ಡಿಸ್ಕ್ ತಂದು ಚುಚ್ಚಿ ಕಾಪಿ ಮಾಡಬೇಕು, ಅಷ್ಟೇ. ಜಾಸ್ತಿ ದುಡ್ಡು ಕೊಟ್ಟಿದ್ದೇ ಅದಕ್ಕೆ ಅಲ್ವಾ?

ಮೊನ್ನೆ ಅವರ ಸಪೋರ್ಟ್ ಹುಡುಗ ಫೋನ್ ಮಾಡಿದ. “ಸರ್, ನಿಮ್ಮ ಬ್ಯಾಕಪ್ ಡಿಸ್ಕ್ ತುಂಬ್ತಾ ಬಂದಿದೆ, ದೊಡ್ಡದು ಹಾಕಿಸಿಬಿಡಿ.” “ಆಯ್ತಪ್ಪ, ಥ್ಯಾಂಕ್ಸ್” ಅಂತ ಫೋನ್ ಇಟ್ಟೂ ಆಯಿತು. ಆಮೇಲೆ ಹೊಳೆಯಿತು. ಯಾವುದಕ್ಕೂ ಸಂಪರ್ಕವೇ ಇಲ್ಲದ ಯಂತ್ರದ ಡಿಸ್ಕ್ ತುಂಬಿದ್ದು ಎಲ್ಲೋ ಕೂತ ಇವನಿಗೆ ಹೇಗೆ ಗೊತ್ತಾಯಿತು? ಥ್ಯಾಂಕ್ಸ್ ಬೇರೆ ಹೇಳಿದ್ದೇನೆ!

ಹೋಗಿ ನೋಡಿದೆ. ನೆಟ್‌ವರ್ಕ್ ಕೇಬಲ್ ಇಲ್ಲ, ಸರಿ. ಆ ಕಿಂಡಿಗೆ ಸ್ಟಿಕರ್ ಬೇರೆ ಅಂಟಿಸಿದ್ದಾರೆ. ಹಿಂದುಗಡೆ ಯುಎಸ್‌ಬಿಯಲ್ಲಿ ಒಂದು ಪುಟ್ಟ ವೈಫೈ ಡಾಂಗಲ್, ನೀಲಿ ದೀಪ ಮಿಣಿಮಿಣಿ ಅನ್ನುತ್ತಿದೆ. ನಮ್ಮದೇ ವೈಫೈಗೆ ಕನೆಕ್ಟ್ ಆಗಿದೆ. ಜೊತೆಗೆ ದೂರದಲ್ಲಿ ಕೂತೇ ಯಂತ್ರ ನಡೆಸುವ ರಿಮೋಟ್ ಸಾಫ್ಟ್‌ವೇರ್, ಯಂತ್ರ ಆನ್ ಆದ ಕೂಡಲೇ ತಾನೇ ಶುರುವಾಗುವ ಹಾಗೆ.

ಕೇಳಿದರೆ, “ಫೈರ್‌ವಾಲ್ ಇದೆಯಲ್ಲ ಸರ್.” ಫೈರ್‌ವಾಲ್ ಅಂದರೆ ನೆಟ್‌ವರ್ಕಿನ ಬಾಗಿಲಲ್ಲಿ ನಿಲ್ಲುವ ಕಾವಲುಗಾರ, ಅದನ್ನು ಕೇಳಿದ್ದು ಯಾರು? ಆಮೇಲೆ, “ಇದು ಲಾಜಿಕಲ್ ಏರ್ ಗ್ಯಾಪ್ ಸರ್, ಈಗ ಎಲ್ಲರೂ ಇದನ್ನೇ ಮಾಡೋದು.” ಸಂಪರ್ಕ ಇಟ್ಟುಕೊಂಡೇ ಸಾಫ್ಟ್‌ವೇರ್‌ನಿಂದ ಬೇರ್ಪಡಿಸುವ ಅಂಥದ್ದೂ ಇದೆ, ಇಲ್ಲ ಅನ್ನುವುದಿಲ್ಲ. ಅದಕ್ಕೆ ಬೇರೆ ಅಕೌಂಟ್, ಬೇರೆ ಪಾಸ್‌ವರ್ಡ್, ಅಳಿಸಲು ಬಾರದ ಕಾಪಿ ಎಲ್ಲ ಬೇಕು. ಇಲ್ಲಿ ಸರ್ವರಿಗೂ ಬ್ಯಾಕಪ್ಪಿಗೂ ಒಂದೇ ಪಾಸ್‌ವರ್ಡ್! ಕೊನೆಗೆ, “ನಿಮ್ಮ ಅನುಕೂಲಕ್ಕೇ ಸರ್.” ಮೈಯೆಲ್ಲ ಉರಿದುಹೋಯಿತು.

ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ದುಷ್ಟ ಪ್ರೋಗ್ರಾಂ) ಒಳಗೆ ಬಂದರೆ ಬ್ಯಾಕಪ್ ಎಲ್ಲಿದೆ ಅಂತಲೇ ಹುಡುಕುತ್ತದೆ. ಎರಡು ಪದರದ ಗೋಡೆ ಕಟ್ಟುವಾಗ ನಡುವಿನ ಸಂದಿಗೆ ಒಂದು ಮುದ್ದೆ ಗಾರೆ ಬಿದ್ದು ಕೂತರೆ ಸಾಕು, ಹೊರಗಿನ ತೇವ ಅಲ್ಲಿಂದಲೇ ಒಳಗೆ ದಾಟುತ್ತದೆ. ಈ ಡಾಂಗಲ್ ಆ ಮುದ್ದೆ. ನಿಜವಾದ ಗ್ಯಾಪ್ ಇದ್ದರೂ ಭಯ ಪೂರ್ತಿ ಹೋಗುವುದಿಲ್ಲ. 2010ರಲ್ಲಿ ಬಯಲಾದ ದುಷ್ಟ ಪ್ರೋಗ್ರಾಂ ಸ್ಟಕ್ಸ್‌ನೆಟ್ ಪೆನ್‌ಡ್ರೈವ್‌ನಿಂದಲೂ ಹರಡುತ್ತಿತ್ತು. ಇವರದ್ದಂತೂ ಗ್ಯಾಪೇ ಅಲ್ಲ.

ಕೊಳ್ಳುವವರು ‘ವೈಫೈ, ಬ್ಲೂಟೂತ್ ಹಾರ್ಡ್‌ವೇರೇ ಇರುವುದಿಲ್ಲ’ ಅಂತ ಬರೆಸಿಕೊಳ್ಳಿ. ಸೆಟಿಂಗ್ಸ್‌ನಲ್ಲಿ ಆಫ್ ಮಾಡಿದ್ದೇವೆ ಅಂದರೆ ಒಪ್ಪಬೇಡಿ. ಯಂತ್ರದ ಹಿಂದುಗಡೆ ಕೈಯಾಡಿಸಿ ನೋಡಿ. ಸ್ಟಿಕರ್ ನಂಬಬೇಡಿ.

ದುಡ್ಡು ವಾಪಸ್ ಕೇಳಿದೆ. “ಆಗಲ್ಲ ಸರ್. ಡಾಂಗಲ್ ತೆಗೆಸೋಕೆ ಬೇಕಾದ್ರೆ ಇಂಜಿನಿಯರ್ ಕಳಿಸ್ತೀವಿ, ವಿಸಿಟ್ ಚಾರ್ಜ್ ಆಗುತ್ತೆ” ಅಂದರು. ನಾನಾಗಲೇ ಕಿತ್ತು ಇಟ್ಟಿದ್ದೇನೆ ಅಂದೆ.

“ಹಾಗಾದ್ರೆ ವಾರಂಟಿ ಹೋಯ್ತು ಸರ್.”