ಕಿಸಿಮ್ಮೀ ಲೇಕ್‌ಗಳಲ್ಲಿ ಬಾಸ್ ಮೀನು ಹಿಡಿಯೋಕೆ ಗೈಡ್‌ನ ಬುಕ್ ಮಾಡ್ತಿದ್ದೀರಾ? ಮೊದ್ಲು ಇದನ್ನ ಓದಿ

ಫ್ಲೋರಿಡಾದ ಒರ್ಲ್ಯಾಂಡೊ ಸುತ್ತಮುತ್ತ ಇರೋ ನಮ್ಮವರು, ಅದ್ರಲ್ಲೂ ಊರಿಂದ ಅಪ್ಪ ಅಮ್ಮನ್ನ ಕರೆಸ್ಕೊಂಡಿರೋರು, ಇಲ್ಲಿನ ಬೇಸಿಗೇಲಿ, ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಬಾಸ್ ಫಿಶಿಂಗ್‌ಗೆ ಗೈಡ್‌ನ ಬುಕ್ ಮಾಡ್ತಿದ್ರೆ ಅಡ್ವಾನ್ಸ್ ಕಟ್ಟೋ ಮುಂಚೆ ಎರಡು ವಿಷ್ಯ ಕೇಳಿ. ಯಾವ ಲೇಕ್‌ಗೆ ಕರ್ಕೊಂಡು ಹೋಗ್ತೀರಾ, ಮಧ್ಯಾಹ್ನ ಎಷ್ಟೊತ್ತಿಗೆ ದಡಕ್ಕೆ ವಾಪಸ್ ತರ್ತೀರಾ ಅಂತ. ಸರಿಯಾಗಿ ಉತ್ತರ ಕೊಡಲಿಲ್ಲ ಅಂದ್ರೆ ಆ ಗೈಡ್ ಬೇಡ.

ಈ ಲೇಕ್‌ಗಳು ನಮ್ಮ ಕಡೆ ಕೆರೆಗಳ ಥರಾನೇ, ಮೇಲಿನದ್ದು ಕೋಡಿ ಬಿದ್ರೆ ನೀರು ಕೆಳಗಿನದ್ದಕ್ಕೆ ಹೋಗುತ್ತಲ್ಲ ಹಾಗೆ. ಮೇಲೆ ಟೋಹೋಪೆಕಾಲಿಗಾ, ಎಲ್ಲರೂ ಟೋಹೋ ಅಂತಾರೆ, ಅದರ ಕೆಳಗೆ ಸೈಪ್ರೆಸ್, ಹ್ಯಾಚಿನೀಹಾ, ಕೊನೇಲಿ ಕಿಸಿಮ್ಮೀ, ಮಧ್ಯೆ ಮಧ್ಯೆ ಕಾಲುವೆ. ಟೋಹೋ ನೀರನ್ನ ಸಮುದ್ರ ಮಟ್ಟದಿಂದ 55 ಅಡಿ ಎತ್ತರದ ತನಕ ನಿಲ್ಲಿಸ್ತಾರೆ, ಕೆಳಗಿನ ಮೂರನ್ನ 52.5 ಅಡಿ ತನಕ, ಅದಕ್ಕೇ ಟೋಹೋದ ದಕ್ಷಿಣ ತುದೀಲಿ ಒಂದು ಲಾಕ್ ಇದೆ, ಅಂದ್ರೆ ಎರಡೂ ಕಡೆ ಗೇಟ್ ಇರೋ, ಬೋಟ್ ದಾಟಿಸೋ ತೊಟ್ಟಿ. ಬೋಟ್ ಒಳಗೆ ಹೋಗ್ಬೇಕು, ಗೇಟ್ ಮುಚ್ಚಬೇಕು, ನೀರು ಇಳಿಬೇಕು ಇಲ್ಲಾ ಏರ್ಬೇಕು, ಆಮೇಲೆ ಆ ಕಡೆ ಗೇಟ್ ತೆಗೀತಾರೆ. ಅವಸರ ಅಂತ ಹಾರಿ ಬರೋಕಾಗಲ್ಲ, ಜೊತೆಗೆ ಅದು ಹಗಲು ಹೊತ್ತು ಮಾತ್ರ ನಡೆಯೋದು.

ನಮ್ಮಪ್ಪ ಕಾವೇರಿ ದಡದಲ್ಲಿ ಗಾಳ ಹಾಕಿ ಬೆಳೆದವರು. ಟೋಹೋ ಅಂದ್ರೆ ಬಾಸ್ ಹಿಡಿಯೋರಿಗೆ ದೊಡ್ಡ ಹೆಸರು, 2001ರ ಜನವರೀಲಿ ಡೀನ್ ರೋಹಾಸ್ ಅನ್ನೋ ವೃತ್ತಿಪರ ಬಾಸ್ ಸ್ಪರ್ಧಿ ಟೂರ್ನಮೆಂಟ್‌ನ ಒಂದೇ ದಿನ ಐದು ಮೀನಿಗೆ 45 ಪೌಂಡ್ 2 ಔನ್ಸ್ ತೂಗಿಸಿದ್ದು ಇಲ್ಲೇ, ಅಂದ್ರೆ 20 ಕಿಲೋಗಿಂತ ಜಾಸ್ತಿ. ಅಪ್ಪಂಗೆ ಅದನ್ನ ಹೇಳಿದ್ದೇ ತಡ, ಯಾವತ್ತು ಹೋಗೋಣ ಅಂತ ಶುರು ಮಾಡಿದ್ರು. ನಾನು, ಅಪ್ಪ, ಐದು ವರ್ಷದ ಮಗಳು, ಎಂಟು ಗಂಟೆಗಳ ಟ್ರಿಪ್.

ನಮ್ಮನ್ನ ಕರ್ಕೊಂಡು ಹೋದ ಗೈಡ್ ಬುಕ್ ಮಾಡುವಾಗ್ಲೇ, ನಿಮಗೆ ಮೀನು ಹಿಡಿಯೋ ಲೈಸೆನ್ಸ್ ಬೇಡ, ನನ್ ಜೊತೆ ಇದ್ರೆ ಸಾಕು ಅಂದಿದ್ದ. ಅದು ಸುಳ್ಳು. ಫ್ಲೋರಿಡಾದಲ್ಲಿ ಸಮುದ್ರದ ಚಾರ್ಟರ್ ಬೋಟ್‌ಗೆ ಹಾಗಿರುತ್ತೆ, ಸಿಹಿನೀರಲ್ಲಿ 16 ದಾಟಿದ ಪ್ರತಿಯೊಬ್ಬರಿಗೂ ಅವರದೇ ಲೈಸೆನ್ಸ್ ಬೇಕು. 65 ದಾಟಿದವರಿಗೆ ಬೇಡ ಅನ್ನೋ ವಿನಾಯ್ತಿ ಇಲ್ಲಿನ ನಿವಾಸಿಗಳಿಗೆ ಮಾತ್ರ, ಊರಿಂದ ಬಂದ ಅಪ್ಪಂಗೆ ಅನ್ವಯಿಸಲ್ಲ, ಅವರಿಗೆ ಏಳು ದಿನದ್ದು 30 ಡಾಲರ್ ಕೊಟ್ಟು ತಗೊಂಡೆ. ಬೋಟಲ್ಲಿ ಮಕ್ಕಳ ಲೈಫ್ ಜಾಕೆಟ್ಟೂ ಇರಲಿಲ್ಲ. 26 ಅಡಿಗಿಂತ ಚಿಕ್ಕ ಬೋಟ್ ಓಡ್ತಿರುವಾಗ ಆರು ವರ್ಷದೊಳಗಿನ ಮಗು ಅದನ್ನ ಹಾಕ್ಕೊಂಡೇ ಇರ್ಬೇಕು ಅಂತ ಕಾನೂನಿದೆ, ಮನೇದು ತಗೊಂಡು ಹೋಗಿದ್ದಕ್ಕೆ ಮಗಳು ಹಾಕ್ಕೊಂಡ್ಳು.

ಬೆಳಗ್ಗೆ ಜೊಂಡಿನ ಅಂಚಲ್ಲಿ ಅಪ್ಪಂಗೆ ಒಳ್ಳೇ ಬಾಸ್ ಸಿಕ್ತು, ಖುಷಿಯೋ ಖುಷಿ. ಬೇಸಿಗೇಲಿ ಬಿಸಿಲೇರಿದ ಮೇಲೆ ಮೀನು ಕಚ್ಚೋದು ಕಮ್ಮಿ ಆಗುತ್ತೆ, ಅಲ್ಲಿಗೇ ಸಾಕು ಅಂದ್ವಿ. ಅವನು ಕೇಳ್ಲಿಲ್ಲ, ಎಂಟು ಗಂಟೆ ಲೆಕ್ಕ ತುಂಬಿಸ್ಬೇಕಲ್ಲ, ಲಾಕ್ ದಾಟಿಸಿ ಸೈಪ್ರೆಸ್ ಮೇಲಿಂದ ಹ್ಯಾಚಿನೀಹಾಗೆ ಹೊಡ್ಕೊಂಡು ಹೋದ. ಮಧ್ಯಾಹ್ನಕ್ಕೆ ಪಶ್ಚಿಮದಲ್ಲಿ ಮೋಡ ಕಟ್ಟಿ ಕಪ್ಪಾಯ್ತು, ವಾಪಸ್ ಹೋಗೋಣ ಅಂತ ನಾನು ಹೇಳ್ತಾನೇ ಇದ್ದೆ, ಅದು ಆ ಕಡೆ ಹೋಗುತ್ತೆ ಬಿಡಿ ಅಂತ ಇನ್ನೊಂದು ಜಾಗಕ್ಕೆ ಕರ್ಕೊಂಡು ಹೋದ. ಕೊನೆಗೆ ತಿರುಗಿಸಿದಾಗ ಸೈಪ್ರೆಸ್ ಮಧ್ಯದಲ್ಲೇ ಮಳೆ ಹಿಡ್ಕೊಂತು. ಆ ಲೇಕ್ ಆಳ ಇಲ್ಲ, ಸುತ್ತ ಬಯಲು, ಗಾಳಿ ಎದ್ರೆ ನೀರು ಬೋಟ್ ಒಳಗೇ ಬರುತ್ತೆ. ಮಿಂಚಿಗೂ ಗುಡುಗಿಗೂ ಮಧ್ಯೆ ಹತ್ತು ಸೆಕೆಂಡ್ ಇಲ್ಲ, ಅಂದ್ರೆ ಸಿಡಿಲು ಮೂರೂವರೆ ಕಿಲೋಮೀಟರ್ ಒಳಗೇ ಬೀಳ್ತಿದೆ, ಬೋಟಿಗೆ ಸೂರಿಲ್ಲ, ಆ ನೀರಲ್ಲಿ ಎಲ್ಲರಿಗಿಂತ ಎತ್ತರ ನಾವೇ. ಅಪ್ಪ ಮೊಮ್ಮಗಳನ್ನ ಬಗ್ಗಿಸ್ಕೊಂಡು ಅವಳ ಮೇಲೆ ಮೈ ಬಗ್ಗಿಸಿ ಕೂತಿದ್ರು. ಲಾಕ್ ಹತ್ರ ಬಂದ್ರೆ ಒಳಗೆ ಬೇರೆ ಬೋಟ್‌ಗಳು, ಕಾಯ್ಬೇಕು, ಅದಾದ್ಮೇಲೆ ಇನ್ನೂ ಟೋಹೋ ಪೂರ್ತಿ ದಾಟ್ಬೇಕು, ಯಾಕಂದ್ರೆ ನಾವು ಹೊರಟಿದ್ದು ಉತ್ತರದ ತುದಿಯ ಕಿಸಿಮ್ಮೀ ಊರಿನ ದಡದಿಂದ. ದಡ ಸೇರಿದ್ಮೇಲೂ ಆಸಾಮಿ ಪೂರ್ತಿ ದುಡ್ಡು ಎಣಿಸ್ಕೊಂಡ, ಕ್ಷಮಿಸಿ ಅಂತ ಕೂಡ ಹೇಳ್ಲಿಲ್ಲ.

ನನ್ನ ಕೋಪ ಮಳೆ ಮೇಲಲ್ಲ. ಇಲ್ಲಿ ಬೇಸಿಗೆ ಮಧ್ಯಾಹ್ನ ಗುಡುಗು ಮಳೆ ಬರೋದು ಪ್ರತಿಯೊಬ್ಬ ಗೈಡ್‌ಗೂ ಗೊತ್ತು, ಗೊತ್ತಿದ್ದೂ ವಯಸ್ಸಾದವರನ್ನ, ಮಗೂನ ಲಾಕ್ ಆಚೆ ಕರ್ಕೊಂಡು ಹೋಗಿದ್ದನ್ನ ನಾನು ಕ್ಷಮಿಸಲ್ಲ. ಬೇಸಿಗೇಲಿ ಬೆಳಗಿನ ಹೊತ್ತು ನಾಲ್ಕು ತಾಸಿನ ಟ್ರಿಪ್ ತಗೊಳ್ಳಿ, ಹತ್ತಿದ ಲೇಕ್‌ನಲ್ಲೇ ಇರಿ. ಕೆಳಗಿನ ಲೇಕ್‌ಗಳೇ ಬೇಕಂದ್ರೆ ಬೋಟನ್ನ ಟ್ರೇಲರ್ ಮೇಲೆ ತಂದು ಅಲ್ಲಿನ ರ‍್ಯಾಂಪಿಂದಲೇ ಇಳಿಸೋಕೆ ಹೇಳಿ. ಗುಡುಗು ಕೇಳಿಸ್ತು ಅಂದ್ರೆ ದಡಕ್ಕೆ ಬನ್ನಿ, ಕೊನೇ ಗುಡುಗು ಆಗಿ 30 ನಿಮಿಷ ಆಗೋ ತನಕ ನೀರಿಗೆ ಇಳೀಬೇಡಿ. ಇದನ್ನೆಲ್ಲ ಬುಕ್ ಮಾಡುವಾಗ್ಲೇ ಮೆಸೇಜಲ್ಲಿ ಬರೆಸ್ಕೊಳ್ಳಿ.

ಟೋಹೋ ಬಿಟ್ಟು ಆಚೆ ಹೋಗದೆ ಮಧ್ಯಾಹ್ನದೊಳಗೆ ವಾಪಸ್ ತರೋ ಗೈಡ್ ಯಾರಾದ್ರೂ ಗೊತ್ತಿದ್ರೆ ತಿಳಿಸಿ, ಅಪ್ಪ ಇನ್ನೂ ಇಲ್ಲೇ ಇದ್ದಾರೆ.