ತೊಟ್ಟಿಮನೆಯ ದೃಶ್ಯಕ್ಕೆ ‘ಶಾಟ್ ಡಿಸೈನರ್’ ಎಷ್ಟು ಉಪಯೋಗ?

ಚಿಕ್ಕಮಗಳೂರು, ಮೂಡಿಗೆರೆ ಕಡೆ ಕಿರುಚಿತ್ರ ಮಾಡುವವರಿಗೆ ಲೊಕೇಷನ್ ಅಂದರೆ ಹೆಚ್ಚಾಗಿ ಯಾರದೋ ನೆಂಟರ ತೊಟ್ಟಿಮನೆ. ಮನೆಯವರು ಬಿಟ್ಟುಕೊಡುವುದು ಒಂದು ದಿನಕ್ಕೆ. ಕ್ಯಾಮೆರಾ ಎಲ್ಲಿಡಬೇಕೆಂಬ ಚರ್ಚೆ ಅಲ್ಲಿಗೆ ಹೋದ ಮೇಲೆ ಶುರುವಾದರೆ ಅರ್ಧ ದಿನ ಅದಕ್ಕೇ ಹೋಯಿತು. ಹಾಲಿವುಡ್ ಕ್ಯಾಮೆರಾ ವರ್ಕ್ ಸಂಸ್ಥೆಯ ‘ಶಾಟ್ ಡಿಸೈನರ್’ ದೃಶ್ಯದ ನಕ್ಷೆ ಹಾಕಿ ಆ ಚರ್ಚೆಯನ್ನು ಮೊದಲೇ ಮುಗಿಸಿಕೊಳ್ಳಲು ಇರುವ ಆ್ಯಪ್. ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಮೆನು ಇಂಗ್ಲಿಷಿನಲ್ಲಿ.

ಮೊದಲು ಮನೆಯನ್ನು ಟೇಪಿನಲ್ಲಿ ಅಳೆದು ಆ್ಯಪಿನ ನಕ್ಷೆಯಲ್ಲಿ ಗೋಡೆ, ಕಂಬ, ಬಾಗಿಲು ಗುರುತಿಸಿ. ಆಮೇಲೆ ಪಾತ್ರಗಳು, ಕೊನೆಗೆ ಕ್ಯಾಮೆರಾ. ಹೊಸಬರು ಕ್ಯಾಮೆರಾದಿಂದ ಶುರುಮಾಡುತ್ತಾರೆ. ಶಾಟ್ ಚೆಂದ ಬರುತ್ತದೆ, ದೃಶ್ಯ ನಿಲ್ಲುವುದಿಲ್ಲ.

ತೋಟ ಮಾರುವ ವಿಷಯಕ್ಕೆ ಅಣ್ಣ, ತಂಗಿ ಜಗಲಿಯಲ್ಲಿ ಎದುರುಬದುರು ಕೂತು ಜಗಳವಾಡುವ ದೃಶ್ಯ ಎನ್ನಿ. ಇಬ್ಬರ ನಡುವಿನ ಗೆರೆಯ ಒಂದೇ ಬದಿಯ 180 ಡಿಗ್ರಿಯೊಳಗೆ ಕ್ಯಾಮೆರಾಗಳಿದ್ದರೆ ಅಣ್ಣ ಯಾವಾಗಲೂ ಬಲಕ್ಕೆ, ತಂಗಿ ಎಡಕ್ಕೆ ನೋಡುತ್ತಿರುತ್ತಾರೆ. ಕ್ಯಾಮೆರಾ ಗೆರೆ ದಾಟಿದರೆ ಈ ದಿಕ್ಕು ಅದಲುಬದಲಾಗಿ ನೋಡುವವರಿಗೆ ಗೊಂದಲವಾಗುತ್ತದೆ. ಅಣ್ಣ ಸಿಟ್ಟಿನಿಂದ ಎದ್ದು, ತೊಟ್ಟಿ ಸುತ್ತಿಕೊಂಡು ಎದುರಿನ ಕಂಬದ ಹತ್ತಿರ ಹೋದರೆ ಗೆರೆಯೇ ತಿರುಗಿಬಿಡುತ್ತದೆ. ಪೇಪರಿನಲ್ಲಿ ಬರೆದ ನಕ್ಷೆಯಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ. ಈ ಆ್ಯಪಿನಲ್ಲಿ ಪಾತ್ರವನ್ನು ಹೊಸ ಜಾಗಕ್ಕೆ ನಡೆಸಿ ನೋಡಬಹುದು. ಯಾವ ಕ್ಯಾಮೆರಾ ತಪ್ಪು ಬದಿಯಲ್ಲಿ ಉಳಿಯಿತೆಂದು ಅಲ್ಲೇ ಗೊತ್ತಾಗುತ್ತದೆ. ಆಗ ಅವನ ನಡಿಗೆಯನ್ನು ಕಟ್ ಮಾಡದೆ, ತಂಗಿಯ ಹೆಗಲ ಹಿಂದಿನಿಂದ ಒಂದೇ ಪ್ಯಾನ್‌ನಲ್ಲಿ, ಅಂದರೆ ಕ್ಯಾಮೆರಾವನ್ನು ಇದ್ದಲ್ಲೇ ಪಕ್ಕಕ್ಕೆ ತಿರುಗಿಸುತ್ತಾ ತೋರಿಸಿ. ನೋಡುವವರು ಹೊಸ ಗೆರೆಗೆ ತಾವಾಗಿಯೇ ಹೊಂದಿಕೊಳ್ಳುತ್ತಾರೆ. ಇಷ್ಟಕ್ಕಾದರೂ ಈ ಆ್ಯಪ್ ಬಳಸಬೇಕು.

ಲೆನ್ಸ್ ಲೆಕ್ಕ ಮಾತ್ರ ಕೈಯಲ್ಲೇ ಮಾಡಿಕೊಳ್ಳಿ. ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಭಾಗ) ಅಗಲವನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ ದೂರದಿಂದ ಗುಣಿಸಿದರೆ ಫ್ರೇಮಿನಲ್ಲಿ ಹಿಡಿಸುವ ಅಗಲ ಸಿಗುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಆರು ಅಡಿ ದೂರದಿಂದ 50 ಮಿ.ಮೀ. ಲೆನ್ಸಿನಲ್ಲಿ ಸುಮಾರು 4.3 ಅಡಿ ಹಿಡಿಸುತ್ತದೆ, 85ರಲ್ಲಿ ಬರೀ 2.5 ಅಡಿ. ಜಗಲಿ ಕಿರಿದಾಗಿದ್ದರೆ ಇಬ್ಬರನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯಲು ಟ್ರೈಪಾಡ್ ತೊಟ್ಟಿಗೆ ಇಳಿಯಲೇಬೇಕು.

ಈ ಆ್ಯಪಿನ ದೊಡ್ಡ ಕೊರತೆ ಇರುವುದೂ ಅಲ್ಲೇ. ಇದು ಮೇಲಿನಿಂದ ನೋಡಿದ ನಕ್ಷೆ, ಎತ್ತರ ತಿಳಿಯುವುದಿಲ್ಲ. ಜಗಲಿ ತೊಟ್ಟಿಗಿಂತ ಒಂದೂವರೆ ಅಡಿ ಮೇಲಿದ್ದರೆ, ತೊಟ್ಟಿಯಲ್ಲಿ ನಾಲ್ಕು ಅಡಿಗೆ ಏರಿಸಿದ ಕ್ಯಾಮೆರಾ ಜಗಲಿ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ, ಅಂದರೆ ನೆಲಕ್ಕೆ ಕೂತ ತಂಗಿಯ ಕಣ್ಣಿನ ಮಟ್ಟ. ಅದೇ ಎತ್ತರದಿಂದ ನಿಂತ ಅಣ್ಣನನ್ನು ಹಿಡಿದರೆ ಲೋ ಆ್ಯಂಗಲ್, ಅಂದರೆ ಕೆಳಗಿನಿಂದ ಮೇಲಕ್ಕೆ ನೋಡುವ ಶಾಟ್. ಮಾತು ಅವನದೇ ನಡೆಯುತ್ತಿದೆ ಅನ್ನಿಸುತ್ತದೆ. ತಂಗಿ ‘ನಾನು ಸೈನ್ ಹಾಕಲ್ಲಣ್ಣ’ ಎಂದು ಎದ್ದು ನಿಂತಾಗ ಕ್ಯಾಮೆರಾವನ್ನೂ ಅವಳ ಕಣ್ಣಿನ ಮಟ್ಟಕ್ಕೆ ಏರಿಸಿ, ಮೊದಲ ಕ್ಲೋಸಪ್ ಆಗ ಬರಲಿ. ಅದಕ್ಕೆ ಮುಂಚೆಯೇ ನಾಲ್ಕು ಕ್ಲೋಸಪ್ ಬಂದುಹೋಗಿದ್ದರೆ ಈ ಮಾತಿಗೆ ತೂಕವೇ ಇರುವುದಿಲ್ಲ. ಪ್ರತಿ ಶಾಟ್ ಪಕ್ಕ ಎತ್ತರವನ್ನು ನೀವೇ ಬರೆದಿಡಿ.

ಬೆಳಕನ್ನೂ ನೀವೇ ನೋಡಿಕೊಳ್ಳಬೇಕು. ನಡುಮಧ್ಯಾಹ್ನದ ಬಿಸಿಲು ನೇರ ತೊಟ್ಟಿಗೆ ಬಿದ್ದರೆ ಅಂಗಳ ಬೆಳ್ಳಗೆ, ಜಗಲಿ ಕಪ್ಪಗೆ. ಒಂದು ದಿಕ್ಕಿಗೆ ಮುಖಮಾಡಿದ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮುಗಿಸಿ, ಆಮೇಲೆ ತಿರುಗಿ. ಮಳೆಗಾಲದಲ್ಲಿ ಸೂರಿನ ನೀರು ತೊಟ್ಟಿಗೆ ಸುರಿಯುವ ಸದ್ದು ಸಂಭಾಷಣೆಯನ್ನು ನುಂಗಿಹಾಕುತ್ತದೆ, ಹಾಗಾಗಿ ಮಾತಿಲ್ಲದ ಶಾಟ್‌ಗಳನ್ನು ಬೇರೆ ಗುರುತು ಹಾಕಿಟ್ಟುಕೊಂಡಿದ್ದರೆ ಮಳೆ ಹೊಯ್ಯುವಾಗ ಅವನ್ನು ತೆಗೆದುಕೊಳ್ಳಬಹುದು.

ಉಚಿತ ಆವೃತ್ತಿಯಲ್ಲಿ ಒಮ್ಮೆಗೆ ಒಂದೇ ದೃಶ್ಯ. ಒಂದು ಮನೆ, ಒಂದು ಜಗಳದ ಕಿರುಚಿತ್ರಕ್ಕೆ ಅದು ಧಾರಾಳ ಸಾಕು. ಹಲವು ದೃಶ್ಯಗಳನ್ನು ಇಟ್ಟುಕೊಳ್ಳಬೇಕಾದವರು ಮಾತ್ರ ದುಡ್ಡು ಕೊಟ್ಟು ಪ್ರೊ ತೆಗೆದುಕೊಳ್ಳಿ.